ತುಮಕೂರು: 36 ಮೆಟ್ಟಿಲು ಮೇಲಿನ ತಾರಸಿಗೆ ಮಣ್ಣು, ಗೊಬ್ಬರ, ಕೋಕೋಪೀಟ್ ಸಾಗಿಸೋದು ಹೇಗೆ? (40 ಗ್ರೋಬ್ಯಾಗ್)

ಮಹಡಿ_ಹೊಸಬ

ಎಲ್ಲರಿಗೂ ನಮಸ್ಕಾರ. ಜಾಗ ಎಸ್.ಎಸ್. ಪುರಂ. 30×40 ಸೈಟು, ನೆಲಮಹಡಿ, ಮೊದಲ ಮಹಡಿ, ಅದರ ಮೇಲೆ ಆರ್‌ಸಿಸಿ ತಾರಸಿ. ಮೆಟ್ಟಿಲು ಮನೆ ಹೊರಗಡೆ ಇದೆ, ಅಗಲ 3 ಅಡಿ, ಒಟ್ಟು 36 ಮೆಟ್ಟಿಲು, ನಡುವೆ ತಿರುವುಗಳಿವೆ. ಲಿಫ್ಟ್ ಇಲ್ಲ. ಮನೆ ಮುಂದಿನ ಅಡ್ಡರಸ್ತೆ 20 ಅಡಿ, ಒಂದು ಬದಿಯಲ್ಲಿ ಯಾವಾಗಲೂ ಕಾರು ನಿಂತಿರುತ್ತೆ. ಗೇಟಿನ ಮುಂದೆ ಚರಂಡಿ, ಅದರ ಮೇಲೆ ಕಲ್ಲು ಚಪ್ಪಡಿ.

ಹಾಕಬೇಕು ಅಂತಿರೋದು: 15×15 ಇಂಚಿನ ಗ್ರೋಬ್ಯಾಗ್ (ಗಿಡ ಬೆಳೆಸೋ ಚೀಲ) 20, 12×12 ಇಂಚಿನದು 20. ಟೊಮೆಟೊ, ಬದನೆ, ಮೆಣಸಿನಕಾಯಿ, ಸೊಪ್ಪು. ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತಂದು ಸುರಿತೀವಿ ಅಂತ ಹೇಳ್ತಿದಾರೆ, ಬಿಡಿಯಾಗಿ ಮೂಟೆ ಲೆಕ್ಕದಲ್ಲಿ ತಗೊಳ್ಳೋದಕ್ಕಿಂತ ಅಗ್ಗವೂ ಇದೆ. ತಗೋಬಹುದಾ? ಒಟ್ಟು ಎಷ್ಟು ಸಾಮಾನು ಬೇಕು, ಯಾವ ಗಾಡಿ ಹೇಳಬೇಕು, ಮೇಲಕ್ಕೆ ಹೇಗೆ ಹತ್ತಿಸಬೇಕು, ತಿಳಿದವರು ಹೇಳಿ.

ತೂಕದಲೆಕ್ಕ

ಗಾಡಿಗೆ ಫೋನ್ ಮಾಡೋ ಮೊದಲು ಲೀಟರ್ ಲೆಕ್ಕ ಹಾಕಿ. ಮಣ್ಣನ್ನು ಲೋಡಿನಲ್ಲಿ ಮಾರ್ತಾರೆ, ಗೊಬ್ಬರವನ್ನು ಕೆ.ಜಿ.ಯಲ್ಲಿ, ಕೋಕೋಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು, ಒತ್ತಿದ ಇಟ್ಟಿಗೆ ಲೆಕ್ಕದಲ್ಲಿ. ಮೂರನ್ನೂ ಲೀಟರಿಗೆ ತಂದರೆ ಮಾತ್ರ ಹೋಲಿಸಿ ನೋಡಬಹುದು.

15×15 ಬ್ಯಾಗ್ ಅಂದರೆ ಅಡ್ಡಳತೆ 15 ಇಂಚು, ಎತ್ತರ 15 ಇಂಚು. ಕಂಠಮಟ್ಟ ತುಂಬಿದರೆ 43 ಲೀಟರ್. ನೀರು ನಿಲ್ಲೋದಕ್ಕೆ ಮೇಲೆ ಎರಡು ಇಂಚು ಬಿಡಬೇಕು, ಹಾಗಾಗಿ 38 ಲೀಟರ್ ಅಂತ ಇಟ್ಟುಕೊಳ್ಳಿ. 12×12 ಕ್ಕೆ ಅದೇ ರೀತಿ 18ರಿಂದ 19 ಲೀಟರ್, ಲೆಕ್ಕಕ್ಕೆ 20 ಅಂತ ಹಿಡಿಯಿರಿ. (ಒಂದು ಎಚ್ಚರಿಕೆ: ತೆಳು ಪ್ಲಾಸ್ಟಿಕ್ ಕವರ್ ಮಾದರಿ ಬ್ಯಾಗ್‌ಗಳಲ್ಲಿ 12 ಇಂಚು ಅನ್ನೋದು ಮಡಚಿ ಇಟ್ಟಾಗಿನ ಅಗಲ. ಅದನ್ನು ಬಿಡಿಸಿ ತುಂಬಿದರೆ ಅಡ್ಡಳತೆ ಏಳೂವರೆ ಇಂಚು ಅಷ್ಟೇ. ಕೊಳ್ಳುವಾಗ ಟೇಪು ಹಿಡಿದು ನೋಡಿ, ಇಲ್ಲದಿದ್ದರೆ ಇಡೀ ಲೆಕ್ಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ.)

20 × 38 = 760, 20 × 20 = 400. ಒಟ್ಟು 1,160 ಲೀಟರ್ ಮಿಶ್ರಣ ಬೇಕು. ಆದರೆ ಮಣ್ಣು, ಗೊಬ್ಬರ, ನಾರಿನ ಪುಡಿ ಬೆರೆಸಿದಾಗ ಸಣ್ಣ ಕಣಗಳು ದೊಡ್ಡ ಕಣಗಳ ಸಂದಿಗೆ ಇಳಿದು, ಒಟ್ಟು ಅಳತೆ ನೂರಕ್ಕೆ 10ರಿಂದ 12ರಷ್ಟು ಕುಗ್ಗುತ್ತೆ. ಆದ್ದರಿಂದ ಬಿಡಿಬಿಡಿಯಾಗಿ 1,300 ಲೀಟರ್ ತರಬೇಕು.

ಈಗ ಅಷ್ಟನ್ನೂ ಮಣ್ಣಲ್ಲೇ ತುಂಬಿದರೆ: ಒಣಗಿದ, ಸಡಿಲ ಕೆಮ್ಮಣ್ಣು ಲೀಟರಿಗೆ ಸುಮಾರು 1.25 ಕೆ.ಜಿ. 1,300 ಲೀಟರಿಗೆ 1,600 ಕೆ.ಜಿ. ದಾಟುತ್ತೆ. ನೀರು ಕುಡಿದ ಮೇಲೆ ಎರಡು ಟನ್.

ಮೂರು ಸಮಪಾಲು ಮಾಡಿದರೆ: ಮಣ್ಣು 430 ಲೀಟರ್, 540 ಕೆ.ಜಿ. ಎರೆಗೊಬ್ಬರ 430 ಲೀಟರ್, ಲೀಟರಿಗೆ 0.7ರಂತೆ 300 ಕೆ.ಜಿ. ಕೋಕೋಪೀಟ್ 430 ಲೀಟರ್, ಅಂದರೆ 5 ಕೆ.ಜಿ. ಇಟ್ಟಿಗೆ 6, ತೂಕ 30 ಕೆ.ಜಿ. ಒಟ್ಟು 870 ಕೆ.ಜಿ. ಹತ್ತಿಸಬೇಕಾದ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಕೆಮ್ಮಣ್ಣು

ಟ್ರ್ಯಾಕ್ಟರ್ ಲೋಡು ಬೇಡವೇ ಬೇಡ. ಒಂದು ಟ್ರೇಲರ್ ಅಂದರೆ ಸುಮಾರು 100 ಘನ ಅಡಿ, ಮೂರೂವರೆ ಟನ್ ಹತ್ತಿರ. ನಿಮಗೆ ಬೇಕಾದ 430 ಲೀಟರ್ ಅಂದರೆ 15 ಘನ ಅಡಿ. ಉಳಿದ 85 ಘನ ಅಡಿ 20 ಅಡಿ ರಸ್ತೆಯಲ್ಲಿ ಗುಡ್ಡೆ ಬಿದ್ದಿರುತ್ತೆ. ಒಂದು ಮಳೆ ಬಂದರೆ ಅಷ್ಟೂ ಚರಂಡಿಗೆ. ಅಗ್ಗ ಅಂತ ಕಾಣೋದು ಮನೆ ಬಾಗಿಲಿಗೆ ಬರೋ ತನಕ ಮಾತ್ರ. ಬೇಡದ ಮಣ್ಣನ್ನು ಆಚೆ ಸಾಗಿಸೋದಕ್ಕೆ ಮತ್ತೆ ಗಾಡಿ ಬೇಕು. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ತಗೊಳ್ಳೋದಾದರೆ ಮಾತ್ರ ಟ್ರ್ಯಾಕ್ಟರ್ ಸರಿ. ಆಗಲೂ ರಸ್ತೆಗೆ ಸುರಿಸಬೇಡಿ, ಖಾಲಿ ಸೈಟಿನಲ್ಲಿ ಟಾರ್ಪಾಲು ಹಾಸಿ ಸುರಿಸಿ.

ಮಣ್ಣು ತರುವ ಕಾಲ ಮುಖ್ಯ. ಸಂಕ್ರಾಂತಿ ಕಳೆದು ಯುಗಾದಿವರೆಗೆ ನಮ್ಮ ಕಡೆ ಮಣ್ಣು ಒಣಗಿ ಹುಡಿಯಾಗಿರುತ್ತೆ. ಅದೇ ಮಣ್ಣು ಮುಂಗಾರುಪೂರ್ವ ಮಳೆ ಬಿದ್ದ ಮೇಲೆ ಅಗೆದರೆ ನೂರು ಕೆ.ಜಿ.ಯಲ್ಲಿ 15ರಿಂದ 20 ಕೆ.ಜಿ. ಬರೀ ನೀರು. ನಿಮ್ಮ 540 ಕೆ.ಜಿ. ಆಗ 650 ದಾಟುತ್ತೆ, ಅಂದರೆ ಮೆಟ್ಟಿಲ ಮೇಲೆ ಐದಾರು ಮೂಟೆ ಹೆಚ್ಚು. ಜೊತೆಗೆ ಒದ್ದೆ ಮಣ್ಣು ಜರಡಿಯಲ್ಲಿ ಇಳಿಯೋದಿಲ್ಲ.

ಜರಡಿ ಕೆಳಗಡೆಯೇ ಹಿಡಿಯಿರಿ, ಅದೂ ಗಾಡಿಗೆ ಮಣ್ಣು ತುಂಬೋ ಜಾಗದಲ್ಲೇ. 10 ಮಿ.ಮೀ. ಕಣ್ಣಿನ ಜರಡಿ ಸಾಕು. ಬಯಲಿನ ಕೆಮ್ಮಣ್ಣಿನಲ್ಲಿ ನೊರಜುಗಲ್ಲು, ಹೆಂಟೆ, ಬೇರು ಸೇರಿ ನೂರಕ್ಕೆ 15ರಿಂದ 20 ಹೋಗುತ್ತೆ. ಇದನ್ನು ಮೇಲೆ ಹೊತ್ತು, ಮೇಲೆ ಜರಡಿ ಹಿಡಿದು, ಕಲ್ಲನ್ನು ಮತ್ತೆ ಕೆಳಗೆ ಇಳಿಸೋದು ಎರಡು ಸಲದ ದಂಡದ ಕೆಲಸ. ಜರಡಿ ಹಿಡಿದ ಮೇಲೆ 430 ಲೀಟರ್ ಉಳಿಯಬೇಕಾದರೆ 520 ಲೀಟರ್ ಅಗೆದಿರಬೇಕು.

ಕೆರೆಗೋಡು (ಕೆರೆಯ ಹೂಳು ಮಣ್ಣು) ಹಾಕಿ ಅಂತ ಕೆಲವರು ಹೇಳ್ತಾರೆ. ಹೊಲಕ್ಕೆ ಒಳ್ಳೆಯದು, ಗ್ರೋಬ್ಯಾಗಿಗೆ ಅಲ್ಲ. ಜಿಗುಟು ಹೆಚ್ಚು, ಒಣಗಿದರೆ ಬಿರಿದು ಬ್ಯಾಗಿನ ಅಂಚು ಬಿಡುತ್ತೆ, ಹಾಕಿದ ನೀರು ಅಂಚಿನ ಸಂದಿಯಲ್ಲೇ ಕೆಳಗೆ ಹೋಗುತ್ತೆ. ಹಾಕಲೇಬೇಕಾದರೆ ಮಣ್ಣಿನ ಪಾಲಿನಲ್ಲಿ ಕಾಲು ಭಾಗ ಮೀರಬೇಡಿ, ಕೆರೆಯಿಂದ ತೆಗೆಯೋದಕ್ಕೆ ಪಂಚಾಯಿತಿಯನ್ನು ಕೇಳಿಯೇ ತೆಗೆಯಿರಿ.

ನಾರುಪುಡಿ

ಕೋಕೋಪೀಟ್ ವಿಷಯಕ್ಕೆ ಒಂದು ಮಾತು. ಗುಬ್ಬಿ, ತಿಪಟೂರು ಕಡೆ ನಾರಿನ ಮಿಲ್ಲುಗಳ ಪಕ್ಕ ಪುಡಿ ಗುಡ್ಡೆ ಬಿದ್ದಿರೋದು ನೋಡಿ, ಅದನ್ನೇ ಗಾಡಿಯಲ್ಲಿ ತುಂಬಿಕೊಂಡು ಬರೋಣ ಅನ್ನಿಸುತ್ತೆ. ಬೇಡ. ಮಳೆಗೆ ನೆಂದ ಗುಡ್ಡೆ ತನ್ನ ಒಣತೂಕದ ಹಲವು ಪಟ್ಟು ನೀರು ಹಿಡಿದಿರುತ್ತೆ, ನೀವು ಬಾಡಿಗೆ ಕೊಡೋದು ನೀರಿಗೆ. ಒಣಗಿದ್ದರೆ ಅದು ಹತ್ತಿಯ ಹಾಗೆ ಹಗುರ, ಗಾಡಿ ತುಂಬುತ್ತೆ ತೂಕ ಬರೋದಿಲ್ಲ, ಹೆದ್ದಾರಿ ಉದ್ದಕ್ಕೂ ಹಾರುತ್ತೆ. ಮೇಲಾಗಿ ತೊಳೆಯದ ಪುಡಿಯಲ್ಲಿ ಉಪ್ಪು, ಟ್ಯಾನಿನ್ (ಕಂದು ಬಣ್ಣದ ಒಗರು) ಎರಡೂ ಹೆಚ್ಚು, ಎಳೆ ಸಸಿ ಎಲೆಯ ಅಂಚು ಸುಟ್ಟ ಹಾಗೆ ಆಗುತ್ತೆ.

ಒತ್ತಿದ 5 ಕೆ.ಜಿ. ಇಟ್ಟಿಗೆ 30×30 ಸೆಂ.ಮೀ., ದಪ್ಪ 12 ಸೆಂ.ಮೀ. ಹತ್ತಿರ. 20ರಿಂದ 25 ಲೀಟರ್ ನೀರು ಹಾಕಿದರೆ 70ರಿಂದ 75 ಲೀಟರ್ ಆಗಿ ಅರಳುತ್ತೆ. ಆರು ಇಟ್ಟಿಗೆ ಸ್ಕೂಟರಿನಲ್ಲೇ ಎರಡು ಸಲಕ್ಕೆ ಬರುತ್ತೆ, ಇದಕ್ಕೆ ಗೂಡ್ಸ್ ಗಾಡಿ ಬೇಡ. ನೀರನ್ನು ತಾರಸಿಯ ಮೇಲಿನ ಟ್ಯಾಂಕಿನ ನಲ್ಲಿಯಿಂದ ಹಾಕಿ. 150 ಲೀಟರ್ ನೀರನ್ನು ಮೆಟ್ಟಿಲಲ್ಲಿ ಹೊರೋ ಕೆಲಸ ತಪ್ಪುತ್ತೆ.

ಕೊಳ್ಳುವಾಗ ಲವಣಾಂಶ ಕಡಿಮೆ ಇರುವ, ತೊಳೆದ ಇಟ್ಟಿಗೆ ಕೇಳಿ. ಪೊಟ್ಟಣದ ಮೇಲೆ ಇ.ಸಿ. (ಲವಣಾಂಶದ ಅಳತೆ) 0.5ಕ್ಕಿಂತ ಕಡಿಮೆ ಅಂತ ಇರಬೇಕು. ಅದು ಇಲ್ಲದಿದ್ದರೆ ಅರಳಿಸಿದ ಮೇಲೆ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಬೇಕು. ಆ ಕಂದು ನೀರು ತಾರಸಿಯ ಸುಣ್ಣಬಣ್ಣಕ್ಕೆ ಕಲೆ ಹಾಕುತ್ತೆ, ಮಳೆನೀರಿನ ಕೊಳವೆ ಬಾಯಿಗೆ ನೇರ ಬಿಡಿ. ಮಳೆನೀರನ್ನು ಸಂಪಿಗೆ ಹಿಡಿಯೋರಾದರೆ ಆ ಕೊಳವೆಯನ್ನು ಅವತ್ತು ಹೊರಕ್ಕೆ ತಿರುಗಿಸಿರಿ.

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗಿಸಿದ ಕೋಕೋಪೀಟ್ ತಂತ್ರವನ್ನು ‘ಅರ್ಕಾ’ ಹೆಸರಿನಲ್ಲಿ ತಂದಿದ್ದಾರೆ. ಅವರ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ನಮ್ಮ ಹಿರೇಹಳ್ಳಿಯಲ್ಲೇ ಇದೆ, ಹೋಗಿ ವಿಚಾರಿಸಿ.

ಮಹಡಿ_ಹೊಸಬ

ತುಂಬಾ ಉಪಕಾರ. ಟ್ರ್ಯಾಕ್ಟರ್ ಬೇಡ ಅಂತ ಹೇಳಿಬಿಟ್ಟೆ. 870 ಕೆ.ಜಿ.ಗೆ ಟಾಟಾ ಏಸ್ ಹೇಳಿದರೆ ಒಂದೇ ಟ್ರಿಪ್ಪಿಗೆ ಆಗುತ್ತಾ? ಒಂದೂವರೆ ಟನ್ ಆರಾಮಾಗಿ ಬರುತ್ತೆ ಅಂತ ಗಾಡಿಯವರು ಹೇಳ್ತಾರೆ.

ಬಾಡಿಗೆಗಾಡಿ

ಏಸಿನ ಹೊರುವ ಮಿತಿ ಮಾದರಿ ನೋಡಿಕೊಂಡು 750 ಕೆ.ಜಿ. ಆಸುಪಾಸು. ಆರ್.ಸಿ.ಯಲ್ಲಿ ಎರಡು ಅಂಕಿ ಇರುತ್ತೆ: ಖಾಲಿ ತೂಕ, ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರೋದೇ ಆ ಗಾಡಿಯ ನಿಜವಾದ ಮಿತಿ, ಅದರಲ್ಲಿ ಡ್ರೈವರು, ಜೊತೆಗೆ ಕೂರುವವರು ಕೂಡ ಸೇರ್ತಾರೆ. ಮೂರು ಚಕ್ರದ ಗೂಡ್ಸ್ ಆಟೊ 500 ಕೆ.ಜಿ. ಹತ್ತಿರ. ದೋಸ್ತ್, ಬೊಲೆರೊ ಪಿಕಪ್ ಥರದ್ದು 1,200 ಕೆ.ಜಿ.ಯಿಂದ ಮೇಲೆ.

ನಿಮ್ಮದು 870. ಪಿಕಪ್ ಹೇಳಿದರೆ ಒಂದೇ ಟ್ರಿಪ್ಪು. ಏಸ್ ಆದರೆ ಮಣ್ಣು ಒಂದು ಸಲ, ಗೊಬ್ಬರ ಇನ್ನೊಂದು ಸಲ. ಮಣ್ಣು ಕೊಡೋರು, ಗೊಬ್ಬರ ಕೊಡೋರು ಬೇರೆ ಬೇರೆ ಕಡೆ ಇದ್ದರೆ ಹೇಗೂ ಎರಡು ಸಲ ಆಗುತ್ತೆ, ಆಗ ಏಸೇ ಮೇಲು. ಚಿಕ್ಕಪೇಟೆ ಒಳಗಿನ ಓಣಿಗಳಾದರೆ ಮೂರು ಚಕ್ರದ್ದು ಬಿಟ್ಟು ಬೇರೆ ತಿರುಗೋದು ಕಷ್ಟ.

ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಗಿನ ಜಾವ ತರಕಾರಿ ಇಳಿಸಿದ ಗಾಡಿಗಳು ಆಮೇಲೆ ಖಾಲಿ ನಿಂತಿರುತ್ತವೆ. ಅಲ್ಲಿ ಕೇಳಿ ನೋಡಿ, ಬಾಡಿಗೆ ಕಡಿಮೆಗೆ ಒಪ್ಪುತ್ತಾರೆ. ಶಾಲಾ ವಾಹನಗಳ ಹೊತ್ತು ತಪ್ಪಿಸಿ. ಬೆಳಗ್ಗೆ ಏಳರ ಒಳಗೆ ಮನೆ ಮುಂದೆ ನಿಂತಿದ್ದರೆ 20 ಅಡಿ ರಸ್ತೆಯಲ್ಲಿ ಯಾರಿಗೂ ತೊಂದರೆ ಇಲ್ಲ.

ಮೇಲೆ ಟಾರ್ಪಾಲು ಕಟ್ಟಿಸೋದು ಮರೀಬೇಡಿ. ಒಣ ಮಣ್ಣು ಹಿಂದೆ ಬರೋ ಬೈಕಿನವರ ಕಣ್ಣಿಗೆ ಬೀಳುತ್ತೆ.

ಗುಬ್ಬಿಗೇಟ್

ಏಸಿನಲ್ಲಿ 870 ಏನೂ ಹೆಚ್ಚಲ್ಲ ಸರ್. ಜಲ್ಲಿ, ಎಂ-ಸ್ಯಾಂಡ್ ಎಲ್ಲಾ ದಿನಾ ಒಂದು ಟನ್ ಮೇಲೆಯೇ ಹೋಗ್ತಿರುತ್ತೆ. ನೂರು ಕೆ.ಜಿ.ಗೆ ಎರಡು ಟ್ರಿಪ್ ಬಾಡಿಗೆ ಯಾಕೆ?

ಬಾಡಿಗೆಗಾಡಿ

ಹೋಗ್ತಿರುತ್ತೆ ಅನ್ನೋದು ನಿಜ ಅಣ್ಣ. ಆದರೆ ಭಾರ ಹೆಚ್ಚಿದಾಗ ಏನಾಗುತ್ತೆ ಅಂತ ನೋಡಿ. ಮಣ್ಣಿನ ಮೂಟೆ ಸಾಲು ಹಿಂಬದಿಗೇ ಬೀಳುತ್ತೆ, ಯಾಕಂದರೆ ತುಂಬೋರು ಡಾಲಾ ಬಾಗಿಲ ಹತ್ತಿರವೇ ಇಳಿಸಿ ಹೋಗ್ತಾರೆ. ಹಿಂದೆ ಭಾರ ಹೆಚ್ಚಿದರೆ ಮುಂದಿನ ಚಕ್ರ ಹಗುರ ಆಗಿ ಸ್ಟೀರಿಂಗ್ ಹಿಡಿತ ಬಿಡುತ್ತೆ. ಬ್ರೇಕ್ ಹಾಕಿದಾಗ ನಿಲ್ಲೋ ದೂರ ಹೆಚ್ಚುತ್ತೆ, ಅದೂ ಸಣ್ಣ ಹುಡುಗರು ಓಡಾಡೋ ಅಡ್ಡರಸ್ತೆಯಲ್ಲಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಹೆಚ್ಚಿನ ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಅದು ಬೀಳೋದು ಗಾಡಿಯವರ ತಲೆ ಮೇಲೆ. ನಾಲ್ಕು ಬ್ಯಾಗಿನ ತೋಟಕ್ಕೆ ಒಬ್ಬರ ದುಡಿಮೆ ಹಾಳಾಗೋದು ಬೇಡ.

ಏಸೇ ಆಗಲಿ ಪಿಕಪ್ಪೇ ಆಗಲಿ, ಮೊದಲ ಸಾಲು ಕ್ಯಾಬಿನ್ ಗೋಡೆಗೆ ಒತ್ತಿ ಇಡಿಸಿ, ಮಣ್ಣು ಕೆಳಗೆ, ಗೊಬ್ಬರ ಮೇಲೆ.

ಗುಬ್ಬಿಗೇಟ್

ದಂಡದ ವಿಷಯ ಗೊತ್ತಿರಲಿಲ್ಲ. ಪಿಕಪ್ಪೇ ಸರಿ ಹಾಗಾದರೆ.

ಚಪ್ಪಡಿಕಲ್ಲು

ಪಿಕಪ್ ಹೇಳಿದರೆ ಗೇಟಿನ ಮುಂದಿನ ಚಪ್ಪಡಿ ಮೇಲೆ ಹತ್ತಿಸಬೇಡಿ. ತುಂಬಿದ ಪಿಕಪ್ಪಿನ ಒಂದೊಂದು ಹಿಂಚಕ್ರದ ಮೇಲೆ ಒಂದು ಟನ್ ಹತ್ತಿರ ಕೂತಿರುತ್ತೆ. ಚರಂಡಿ ಮೇಲೆ ಎರಡು ಕಡೆ ಮಾತ್ರ ಆಧಾರ ಇರುವ 3 ಇಂಚಿನ ಕಲ್ಲು ಅದಕ್ಕೆ ತಡೆಯೋದಿಲ್ಲ. ಕಲ್ಲು ಬಾಗೋದಿಲ್ಲ, ಮುನ್ಸೂಚನೆ ಕೊಡದೆ ನಡುವೆ ಎರಡಾಗುತ್ತೆ. ಗಾಡಿ ರಸ್ತೆಯಲ್ಲೇ ನಿಲ್ಲಿಸಿ, ಮೂಟೆ ಕೈಯಲ್ಲಿ ಒಳಗೆ ತನ್ನಿ.

ಬ್ಯಾಗ್ ಇಡೋಕೆ ಕಡಪ ಕಲ್ಲಿನ ಬೆಂಚು ಮಾಡಿಸೋ ಯೋಚನೆ ಇದ್ದರೆ ಇದನ್ನೂ ಕೇಳಿಕೊಳ್ಳಿ. 20 ಮಿ.ಮೀ. ದಪ್ಪದ ಕಡಪ ಆಗಲಿ ಗ್ರಾನೈಟ್ ಆಗಲಿ, ಒಂದು ಚದರ ಅಡಿಗೆ 5 ಕೆ.ಜಿ. 4 ಅಡಿ ಉದ್ದ ಒಂದೂವರೆ ಅಡಿ ಅಗಲದ್ದು 30 ಕೆ.ಜಿ. ಇದನ್ನು ಯಾವತ್ತೂ ಮಲಗಿಸಿ ಹೊರಬಾರದು. ಎರಡು ತುದಿ ಹಿಡಿದು ಮಲಗಿಸಿ ಎತ್ತಿದರೆ ಅದರ ತೂಕಕ್ಕೆ ಅದೇ ನಡುವೆ ಮುರಿಯಬಹುದು. ಅಂಚಿನ ಮೇಲೆ ನಿಲ್ಲಿಸಿ ಹಿಡಿಯಬೇಕು. ಗಾಡಿಯಲ್ಲೂ ಅಷ್ಟೇ, ಕೆಳಗೆ ಗೋಣಿಚೀಲ ಹಾಸಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿ, ಸ್ವಲ್ಪ ಓರೆಯಾಗಿ ಕ್ಯಾಬಿನ್ ಗೋಡೆಗೆ ಒರಗಿಸಿ, ಎರಡು ಕಲ್ಲಿನ ನಡುವೆ ರಟ್ಟು ಇಟ್ಟು ಹಗ್ಗ ಬಿಗಿಯಿರಿ. ಮಣ್ಣಿನ ಮೂಟೆ ಜೊತೆ ಒಂದೇ ಟ್ರಿಪ್ಪಿನಲ್ಲಿ ಹಾಕಬೇಡಿ. ಮೂಟೆ ಜರುಗಿ ಕಲ್ಲಿಗೆ ಹೊಡೆಯುತ್ತೆ.

ಕಟ್ಟಡಮೇಸ್ತ್ರಿ

ಮೇಲಕ್ಕೆ ಹತ್ತಿಸೋದರ ಬಗ್ಗೆ ಯಾರೂ ಹೇಳಿಲ್ಲ, ಅಪಾಯ ಇರೋದೆಲ್ಲ ಅಲ್ಲೇ. ಉದ್ದವಾಗುತ್ತೆ, ಓದಿಕೊಳ್ಳಿ.

ಮೊದಲು ಸ್ಲ್ಯಾಬು. ಜನ ಓಡಾಡುವ ತಾರಸಿಗೆ ಐಎಸ್ 875 (ಕಟ್ಟಡದ ಭಾರಗಳ ಭಾರತೀಯ ಮಾನಕ) ಎರಡನೇ ಭಾಗದಲ್ಲಿ ಹೇಳಿರುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ., ಅಂದರೆ ಚದರ ಅಡಿಗೆ 14 ಕೆ.ಜಿ. ಮೆಟ್ಟಿಲು ಇಲ್ಲದ, ಜನ ಹತ್ತದ ತಾರಸಿ ಅಂತ ಕಟ್ಟಿದ್ದರೆ ಅದರ ಅರ್ಧ. ಈಗ 20 ಕೆ.ಜಿ.ಯ 42 ಮೂಟೆಯನ್ನೂ ಮೇಲೆ ತಂದು ಒಂದು ಮೂಲೆಯಲ್ಲಿ ಒಟ್ಟಿದರೆ ಏನಾಗುತ್ತೆ ನೋಡಿ. 840 ಕೆ.ಜಿ. ಎರಡು ಚದರ ಮೀಟರಿನ ಮೇಲೆ ಕೂತರೆ ಚದರ ಮೀಟರಿಗೆ 420, ಮಿತಿಯ ಮೂರು ಪಟ್ಟು ಹತ್ತಿರ. ತೋಟ ಮುಗಿದ ಮೇಲಿನ ಭಾರದಿಂದ ತೊಂದರೆ ಆಗೋದು ಕಡಿಮೆ. ತೊಂದರೆ ಆಗೋದು ಸಾಗಿಸೋ ದಿನ, ಈ ಗುಡ್ಡೆಯಿಂದ.

ಹಾಗಾಗಿ ಮೇಲೆ ದಾಸ್ತಾನು ಮಾಡಬೇಡಿ. ದಾಸ್ತಾನು ಕೆಳಗಿರಲಿ, ಕಂತು ಕಂತಾಗಿ ಮೇಲೆ ತಂದು, ಬೆರೆಸಿ, ಬ್ಯಾಗಿಗೆ ತುಂಬಿ, ಅದರ ಜಾಗದಲ್ಲಿ ಇಟ್ಟು, ಆಮೇಲೆ ಮುಂದಿನ ಕಂತು. ತೂಕದಲೆಕ್ಕ ಅವರ ಅಂಕಿಗೇ ಹೊಂದಿಸಿ ಹೇಳ್ತೀನಿ. ಒಂದು ಕಂತು ಅಂದರೆ ಕೋಕೋಪೀಟ್ ಇಟ್ಟಿಗೆ ಒಂದು, ಮಣ್ಣು 20 ಕೆ.ಜಿ. ಮೂಟೆ ನಾಲ್ಕೂವರೆ, ಗೊಬ್ಬರ 20 ಕೆ.ಜಿ. ಮೂಟೆ ಎರಡೂವರೆ. ಬೆರೆಸಿದರೆ 190 ಲೀಟರ್ ಬರುತ್ತೆ. ದೊಡ್ಡ ಬ್ಯಾಗ್ 5 ಅಥವಾ ಸಣ್ಣ ಬ್ಯಾಗ್ 10 ತುಂಬುತ್ತೆ. ಹೀಗೆ ಆರು ಕಂತಿಗೆ 40 ಬ್ಯಾಗೂ ಮುಗಿಯುತ್ತೆ. ನೀರೂ ಸೇರಿ ಒಂದು ಕಂತು 170 ಕೆ.ಜಿ., 2 ಮೀಟರ್ × 2 ಮೀಟರ್ ಟಾರ್ಪಾಲಿನ ಮೇಲೆ ಹರಡಿ ಬೆರೆಸಿದರೆ ಸ್ಲ್ಯಾಬಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದೇ ದಿನ ಮಾಡಬೇಕು ಅಂತಲೂ ಇಲ್ಲ, ದಿನಕ್ಕೆ ಎರಡು ಕಂತು ಮಾಡಿದರೆ ಮೂರು ದಿನ.

ಸನಿಕೆಯಲ್ಲಿ ಬೆರೆಸುವಾಗ ತಾರಸಿ ಕೆರೆಯದ ಹಾಗೆ ನೋಡಿಕೊಳ್ಳಿ. ವಾಟರ್‌ಪ್ರೂಫ್ ಬಳಿದಿದ್ದರೆ ಕಬ್ಬಿಣದ ಸನಿಕೆ ಬೇಡ, ಇಬ್ಬರು ಟಾರ್ಪಾಲಿನ ಎದುರುಬದುರು ಮೂಲೆ ಹಿಡಿದು ಎತ್ತಿ ಹೊರಳಿಸಿದರೆ ಚೆನ್ನಾಗಿ ಬೆರೆಯುತ್ತೆ. ತುಂಬಿದ ಬ್ಯಾಗನ್ನು ನೆಲದ ಮೇಲೆ ಎಳೀಬೇಡಿ. ಖಾಲಿ ಬ್ಯಾಗನ್ನು ಅದರ ಜಾಗದಲ್ಲಿ ಇಟ್ಟು, ಬಾಂಡ್ಲಿಯಲ್ಲಿ ತಂದು ತುಂಬಿ.

ಇನ್ನು ಮೂಟೆ. ಸಿಮೆಂಟ್ ಚೀಲ 35 ಲೀಟರ್ ಹಿಡಿಯುತ್ತೆ. ಪೂರ್ತಿ ಮಣ್ಣು ತುಂಬಿದರೆ 44 ಕೆ.ಜಿ. ತಿರುವಿರೋ ಮೆಟ್ಟಿಲಲ್ಲಿ ಇದನ್ನು ಹೆಗಲ ಮೇಲೆ ಹೊತ್ತವರಿಗೆ ಕಾಲಕೆಳಗಿನ ಮೆಟ್ಟಿಲು ಕಾಣೋದಿಲ್ಲ, ಒಂದು ಕೈ ಕಂಬಿ ಹಿಡಿಯೋಕೆ ಬಿಡುವಿರೋದಿಲ್ಲ. ಮಣ್ಣಾದರೆ ಅರ್ಧ ಚೀಲಕ್ಕಿಂತ ಸ್ವಲ್ಪ ಕೆಳಗೆ, 16 ಲೀಟರ್, 20 ಕೆ.ಜಿ. ಗೊಬ್ಬರವಾದರೆ ಮುಕ್ಕಾಲು ಚೀಲಕ್ಕಿಂತ ತುಸು ಮೇಲೆ. ಸಿಮೆಂಟ್ ಚೀಲವನ್ನು ಒಳಹೊರಗು ಮಾಡಿ ತೊಳೆದು ಒಣಗಿಸಿರಬೇಕು. ಉಳಿದ ಸಿಮೆಂಟ್ ಪುಡಿ ತೀರಾ ಕ್ಷಾರ, ಮಣ್ಣು ಕೆಡಿಸುತ್ತೆ, ಕೈಯನ್ನೂ ಸುಡುತ್ತೆ. ಬೂಸಾ ಚೀಲ ತಗೋಬೇಡಿ, ಅದು 100 ಲೀಟರಿಗೂ ಹೆಚ್ಚು ಹಿಡಿಯುತ್ತೆ, ತುಂಬೋರು ಅಂದಾಜು ತಪ್ಪಿ ತುಂಬಿಬಿಡ್ತಾರೆ, ಆಮೇಲೆ ಯಾರಿಗೂ ಎತ್ತೋಕೆ ಆಗೋದಿಲ್ಲ.

ಲೆಕ್ಕ: ಮಣ್ಣು 27 ಮೂಟೆ, ಗೊಬ್ಬರ 15, ಇಟ್ಟಿಗೆ ಎರಡೆರಡರಂತೆ 3. ಒಟ್ಟು 45 ಸಲ ಹತ್ತಬೇಕು. ಕೂಲಿಯವರನ್ನು ಕರೆದರೆ “ಒಂದು ಲೋಡು ಮಣ್ಣು ಹತ್ತಿಸೋದಿದೆ” ಅಂತ ಹೇಳಬೇಡಿ. 45 ಮೂಟೆ, 20 ಕೆ.ಜಿ., 36 ಮೆಟ್ಟಿಲು ಅಂತ ಹೇಳಿ ಮೂಟೆಗೆ ಇಷ್ಟು ಅಂತ ಮೊದಲೇ ಮಾತಾಡಿ. ಇಲ್ಲದಿದ್ದರೆ ಬೇಗ ಮುಗಿಸೋಕೆ ಎರಡೆರಡು ಮೂಟೆ ಒಟ್ಟಿಗೆ ಹೊರ್ತಾರೆ. ತಲೆ ಮೇಲೆ ಹೊರುವವರಾದರೆ ಬಾಂಡ್ಲಿ, ಸಿಂಬೆ ಕೊಡಿ. ಬಾಂಡ್ಲಿ ಒಂದಕ್ಕೆ ಸುಮಾರು 15 ಕೆ.ಜಿ. ಹಿಡಿಯುತ್ತೆ. ಕುಡಿಯೋ ನೀರು ಮೇಲೂ ಇಡಿ, ಕೆಳಗೂ ಇಡಿ.

ಮಹಡಿ_ಹೊಸಬ

ಕಂತಿನ ಉಪಾಯ ಗೊತ್ತೇ ಇರಲಿಲ್ಲ ಸರ್. ಮುಂದಿನ ಕಡೆಯಿಂದ ಹಗ್ಗ, ರಾಟೆ ಹಾಕಿ ಎಳೆದರೆ ಮೆಟ್ಟಿಲ ಕೆಲಸ ತಪ್ಪೋದಿಲ್ವಾ?

ಕಟ್ಟಡಮೇಸ್ತ್ರಿ

ರಾಟೆ ಹಾಕಬಹುದು, ಪ್ಯಾರಪೆಟ್ಟಿಗೆ ಮಾತ್ರ ಕಟ್ಟಬಾರದು. 4 ಇಂಚಿನ ಬ್ಲಾಕ್ ಗೋಡೆ ಮೇಲಿನಿಂದ ಬರೋ ಭಾರ ತಡೆಯುತ್ತೆ, ಹೊರಕ್ಕೆ ಎಳೆಯೋ ಭಾರ ತಡೆಯೋದಿಲ್ಲ. ಗೋಡೆ ತುಂಡೇ ಕಳಚಿ ಕೆಳಗಿರುವವರ ಮೇಲೆ ಬೀಳುತ್ತೆ.

ಒಂದೇ ರಾಟೆ ಇದ್ದರೆ ಭಾರ ಹಗುರ ಆಗೋದಿಲ್ಲ, ಎಳೆಯೋ ದಿಕ್ಕು ಮಾತ್ರ ಬದಲಾಗುತ್ತೆ. 20 ಕೆ.ಜಿ. ಎತ್ತೋಕೆ 20 ಕೆ.ಜಿ.ಗಿಂತ ಸ್ವಲ್ಪ ಹೆಚ್ಚೇ ಎಳೀಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿರೋದಿಲ್ಲ. ರಾಟೆ ಕಟ್ಟಿದ ಜಾಗದ ಮೇಲೆ ಬೀಳೋದು 20 ಅಲ್ಲ, 40, ಒಂದು ಕಡೆ ಮೂಟೆ, ಇನ್ನೊಂದು ಕಡೆ ನಿಮ್ಮ ಎಳೆತ. ಜಗ್ಗಿ ಎಳೆದರೆ ಇನ್ನೂ ಹೆಚ್ಚು. ಮೆಟ್ಟಿಲ ಹೆಡ್‌ರೂಮಿನ ಆರ್‌ಸಿಸಿ ತೊಲೆಗೆ ಗಟ್ಟಿ ಕೊಂಡಿ ಇದ್ದು, ಅದರ ಕೆಳಗೆ ನೇರ ಖಾಲಿ ಜಾಗ ಇದ್ದರೆ ಮಾತ್ರ ಮಾಡಿ. 12 ಮಿ.ಮೀ. ನೈಲಾನ್ ಹಗ್ಗ, ಉದ್ದ 60 ಅಡಿ. ಮೂಟೆಯ ಬಾಯಿಗೆ ಕೊಕ್ಕೆ ಸಿಕ್ಕಿಸಬೇಡಿ, ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಚೀಲ ಕಟ್ಟಿದ ಜಾಗದಲ್ಲೇ ಹರಿಯುತ್ತೆ. ತರಕಾರಿ ಕ್ರೇಟಿಗೆ ತಳದಿಂದ ಸುತ್ತಿ ನಾಲ್ಕು ಕಡೆ ಹಗ್ಗ ಹಾಕಿ, ಮೂಟೆ ಅದರೊಳಗಿಡಿ. ಕೆಳಗೆ ಯಾರೂ ನಿಲ್ಲಬಾರದು, ಎಳೆಯೋರು ಕೂಡ.

ಎಲ್ಲಕ್ಕಿಂತ ಮೊದಲು ತಲೆ ಎತ್ತಿ ನೋಡಿ. ಮನೆ ಮುಂದೆ ಬೆಸ್ಕಾಂ ತಂತಿ ಇದ್ದರೆ ಆ ಕಡೆ ರಾಟೆ, ಕಬ್ಬಿಣದ ಪೈಪು, ಏಣಿ ಯಾವುದೂ ಬೇಡ. ಒದ್ದೆ ಹಗ್ಗದಲ್ಲೂ ವಿದ್ಯುತ್ ಹರಿಯುತ್ತೆ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ನಿಯಮದಂತೆ ಅಡ್ಡಕ್ಕೆ 1.2 ಮೀಟರ್ ಅಂತರ ಇರಬೇಕು. ಅಷ್ಟು ಅಂತರ ಇದ್ದರೂ ಗಾಳಿಗೆ ಓಲಾಡೋ ಕ್ರೇಟು ಅದನ್ನು ಸುಲಭವಾಗಿ ದಾಟುತ್ತೆ. ನೀವು ಹೇಳಿದ ಅಳತೆಗೆ, ಬರೀ 45 ಮೂಟೆಗೆ, ಮೆಟ್ಟಿಲೇ ಕ್ಷೇಮ.

ಹಳೇ ಊರಲ್ಲಿ ಕಲ್ಲು ಚಪ್ಪಡಿ ಹೊದಿಸಿದ ಮನೆ, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು) ಮನೆ ಇರುವವರು ಇದನ್ನು ಓದ್ತಿದ್ದರೆ, ಮೇಲೆ ಹೇಳಿದ ಯಾವ ಅಂಕಿಯೂ ನಿಮಗೆ ಹೊಂದೋದಿಲ್ಲ. ಇಂಜಿನಿಯರಿಗೆ ತೋರಿಸದೆ ಒಂದು ಮೂಟೆಯನ್ನೂ ಹತ್ತಿಸಬೇಡಿ.

ಸೊಪ್ಪಿನಮಡಿ

ಗೊಬ್ಬರದ ಬಗ್ಗೆ ಎರಡು ವಿಷಯ ಸೇರಿಸ್ತೀನಿ. ಎರೆಗೊಬ್ಬರ ಕೊಳ್ಳುವಾಗ ಒಂದು ಹಿಡಿ ತಗೊಂಡು ಹಿಂಡಿ. ಬೆರಳ ಸಂದಿಯಲ್ಲಿ ನೀರು ಒಸರಿದರೆ ತೂಕಕ್ಕೆ ನೀರು ಸೇರಿದೆ ಅಂತ ಅರ್ಥ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ತೇವಾಂಶ ನೂರಕ್ಕೆ 15ರಿಂದ 25 ಇರಬೇಕು. ಹಿಂಡಿದಾಗ ಉಂಡೆ ಆಗಿ, ಬೆರಳಿಂದ ತಟ್ಟಿದರೆ ಪುಡಿ ಆಗೋದು ಸರಿಯಾದ ಹದ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ಬಿಸಿಲಲ್ಲಿ ಬಿಡಬೇಡಿ, ಒಳಗೆ ಕಾವು ಏರಿ ಸೂಕ್ಷ್ಮಜೀವಿ ಸಾಯುತ್ತೆ, ವಾಸನೆ ಬರುತ್ತೆ.

ಹಳ್ಳಿಯಿಂದ ತಿಪ್ಪೆಗೊಬ್ಬರ ತರಿಸೋರು ಜರಡಿ ಹಿಡಿಯದೆ ಗಾಡಿಗೆ ಹಾಕಿಸಬೇಡಿ. ನಮ್ಮದು ತೆಂಗಿನ ಸೀಮೆ, ತಿಪ್ಪೆಯಲ್ಲಿ ಕೊಂಬಿನ ದುಂಬಿಯ ದಪ್ಪ ಬಿಳಿ ಮರಿಹುಳು ಇದ್ದೇ ಇರುತ್ತೆ. ಜೊತೆಗೆ ಬೇರು ತಿನ್ನೋ ಗೊಣ್ಣೆ ಹುಳು ಬಂದರೆ ಬ್ಯಾಗಿನಲ್ಲಿರೋ ಬದನೆ ಗಿಡ ನಿಂತಲ್ಲೇ ಬಾಡುತ್ತೆ. ಹುಳುವನ್ನು ಅಲ್ಲೇ ಆರಿಸಿ ತೆಗೆದು ತನ್ನಿ. ಮುಟ್ಟಿದರೆ ಬಿಸಿ ಇರೋ ಗೊಬ್ಬರ ಇನ್ನೂ ಕಳಿತಿಲ್ಲ, ಅದನ್ನು ತರಲೇಬೇಡಿ. ಮೇಲೆ ತಂದ ಮೇಲೆ ಅದು ಕುಗ್ಗಿ ಅರ್ಧ ಆಗುತ್ತೆ.

ಸ್ಕೂಟರಿನಲ್ಲಿ ತರೋದಾದರೆ ಕಾಲಿಡೋ ಜಾಗದಲ್ಲಿ ಒಂದು 20 ಕೆ.ಜಿ. ಮೂಟೆ ಮಾತ್ರ, ಅದನ್ನು ಮಲಗಿಸಿ ಇಡಿ. ನಿಲ್ಲಿಸಿದರೆ ತಿರುವಿನಲ್ಲಿ ಹ್ಯಾಂಡಲ್ಲಿಗೆ ತಾಗುತ್ತೆ. ಎಕ್ಸ್‌ಎಲ್ ಗಾಡಿ ಇದ್ದರೆ ಮುಂದೆ ಒಂದು, ಹಿಂದೆ ಕಟ್ಟಿ ಒಂದು. ಎರಡೂ ಹಿಂದೆಯೇ ಬೇಡ.

ಎಲ್ಲ 40 ಬ್ಯಾಗ್ ಒಂದೇ ಸಲ ತುಂಬಲೇಬೇಕಾ ಅಂತಲೂ ಯೋಚಿಸಿ. ಈಗ ಮೂರು ಕಂತು ಮಾಡಿ. ತಾರಸಿಯಲ್ಲೇ ಅಡುಗೆಮನೆ ಕಸ, ಒಣಗಿದ ಎಲೆ ಹಾಕಿ ತೂತು ಮಾಡಿದ ಎರಡು ಡ್ರಮ್ಮಿನಲ್ಲಿ ಗೊಬ್ಬರಕ್ಕೆ ಇಟ್ಟರೆ, ಮೂರ್ನಾಲ್ಕು ತಿಂಗಳ ಮೇಲೆ ಮುಂದಿನ ಕಂತುಗಳ ಗೊಬ್ಬರದ ಪಾಲು ಒಂದಿಷ್ಟಾದರೂ ಅಲ್ಲೇ ಸಿಗುತ್ತೆ. ಅಷ್ಟು ಮೂಟೆ ಮೆಟ್ಟಿಲು ಹತ್ತೋದೇ ಬೇಡ.

ಚಿಂತಾಮಣಿ_ಹಿತ್ತಲು

ಮಹಡಿ ಅಲ್ಲ, ನೆಲದಲ್ಲೇ ಹಿತ್ತಲು ಇದ್ದು ಪಕ್ಕದ 3 ಅಡಿ ಓಣಿಯಲ್ಲಿ ಸಾಗಿಸಬೇಕಾದರೆ ಒಂಟಿ ಚಕ್ರದ ಕೈಗಾಡಿ ಆಗುತ್ತಾ?

ಕಟ್ಟಡಮೇಸ್ತ್ರಿ

ಆಗುತ್ತೆ. ಅಗಲ ಎರಡು ಅಡಿ ಚಿಲ್ಲರೆ ಇರುತ್ತೆ, 3 ಅಡಿ ಓಣಿಯಲ್ಲಿ ಗೆಣ್ಣು ಗೋಡೆಗೆ ಉಜ್ಜುತ್ತೆ, ಕೈಗವಸು ಹಾಕಿಕೊಳ್ಳಿ. ಓಣಿಯ ನೀರಿನ ಮೀಟರು, ಗೀಸರ್ ಪೈಪು, ಕಿಟಕಿ ಸಜ್ಜ ಮೊದಲೇ ನೋಡಿ, ತೀರಾ ಕಿರಿದಾದ ಜಾಗವನ್ನೇ ಅಳೀಬೇಕು. ಭಾರ ಚಕ್ರದ ಕಡೆಗೆ ಇರೋ ಹಾಗೆ ಮುಂದೆ ತುಂಬಿ, 60 ಕೆ.ಜಿ. ಸಾಕು. ಚೇಂಬರ್ ಮುಚ್ಚಳದ ಮೇಲೆ ಹೋಗಬೇಕಾದರೆ ಹಲಗೆ ಹಾಸಿ. ಗಾಳಿ ಚಕ್ರವಾದರೆ ಗಾಳಿ ನೋಡಿಕೊಳ್ಳಿ, ಕಡಿಮೆ ಇದ್ದರೆ ತಳ್ಳೋದು ಎರಡು ಪಟ್ಟು ಕಷ್ಟ.

ಮಹಡಿ_ಹೊಸಬ

ಹೀಗೆ ತೀರ್ಮಾನ ಮಾಡಿದೀನಿ, ತಪ್ಪಿದ್ದರೆ ತಿದ್ದಿ. ಯುಗಾದಿ ಒಳಗೆ ಪಿಕಪ್ಪಿನಲ್ಲಿ ಜರಡಿ ಹಿಡಿದ ಮಣ್ಣು 27 ಮೂಟೆ, ಎರೆಗೊಬ್ಬರ 15 ಮೂಟೆ. ಇಳಿಸೋದು ನೆಲಮಹಡಿ ಕಾರ್ ಶೆಡ್ಡಿನಲ್ಲಿ. ಕೋಕೋಪೀಟ್ ಸ್ಕೂಟರಿನಲ್ಲಿ. ಈಗ ಮೂರು ಕಂತು, ಉಳಿದದ್ದು ಆಮೇಲೆ. ದೊಡ್ಡ ಬ್ಯಾಗುಗಳನ್ನು ಒಂದಕ್ಕೊಂದು ಒತ್ತಿ ಎರಡು ಸಾಲು ಇಡೋಣ ಅಂತಿದೀನಿ, ನೀರು ಹಾಕೋಕೆ ಸುಲಭ.

ತೂಕದಲೆಕ್ಕ

ಒತ್ತಿ ಇಡೋದು ಒಂದು ಬಿಟ್ಟು ಎಲ್ಲ ಸರಿ ಇದೆ. ನೀರು ಕುಡಿದ 15 ಇಂಚಿನ ಬ್ಯಾಗ್ 40 ಕೆ.ಜಿ. ಒತ್ತಿ ಇಟ್ಟರೆ ಚದರ ಮೀಟರಿಗೆ ಆರೇಳು ಬ್ಯಾಗ್ ಕೂತು 250 ದಾಟುತ್ತೆ. ಒಂದೂವರೆ ಅಡಿಗೊಂದು ಇಟ್ಟರೂ 150 ಮೀರುತ್ತೆ. ನಡುವಿನಿಂದ ನಡುವಿಗೆ ಎರಡು ಅಡಿ ಇಡಿ, ಆಗ 110ರ ಆಸುಪಾಸು ಬರುತ್ತೆ, ಗಿಡಕ್ಕೆ ಗಾಳಿಯೂ ಆಡುತ್ತೆ. ಸಾಲುಗಳು ಕೆಳಗಿನ ಗೋಡೆ, ತೊಲೆಗಳ ನೇರಕ್ಕೆ ಬರಲಿ, ಕೋಣೆಯ ನಟ್ಟನಡುವೆ ಬೇಡ.

ಕಾರ್ ಶೆಡ್ಡಿನಲ್ಲಿ ಮೂಟೆ ಇಡುವಾಗ ಕೆಳಗೆ ಸಂಪು ಇದೆಯಾ ನೋಡಿಕೊಳ್ಳಿ. ಸಂಪಿನ ಮುಚ್ಚಳದ ಮೇಲೂ ಅದರ ಸುತ್ತಲಿನ ಸ್ಲ್ಯಾಬಿನ ಮೇಲೂ ಒಟ್ಟಬೇಡಿ, ಗೋಡೆ ಬದಿಗೆ ಎರಡು ಮೂಟೆ ಎತ್ತರಕ್ಕೆ ಉದ್ದಕ್ಕೆ ಸಾಲಾಗಿ ಇಡಿ. ಕೆಳಗೆ ಇಟ್ಟಿಗೆ, ಹಲಗೆ ಹಾಕಿದರೆ ನೆಲದ ತೇವ ಏರೋದಿಲ್ಲ. ಉಳಿದ ಮೂರು ಕಂತಿನ ಮಣ್ಣಿಗೆ ಮಳೆ ಎರಚಲು ತಾಗದ ಹಾಗೆ ಟಾರ್ಪಾಲು ಹೊದಿಸಿ. ಗೊಬ್ಬರದ ಮೂಟೆಗಳ ಬಾಯಿ ಮಾತ್ರ ಸಡಿಲ ಬಿಟ್ಟು, ಹದಿನೈದು ದಿನಕ್ಕೊಮ್ಮೆ ಕೈ ಹಾಕಿ ನೋಡಿ, ಪೂರ್ತಿ ಒಣಗಿದ್ದರೆ ಒಂದು ಚೊಂಬು ನೀರು ಚಿಮುಕಿಸಿ.